ಬೆಕ್ಕು ಸೋಫಾ ಪರಚುತ್ತಿದೆಯೇ? ಮದ್ದು ಹುಡುಕುವ ಮೊದಲು ಗೀರು ನೋಡಿ

‘ಹೊಸ ಸೋಫಾದ ಕೈ ಪೂರಾ ಹರಿದು ಹಾಕೈತ್ರೀ, ಏನರ ಸ್ಪ್ರೇ ಇದ್ರ ಹೇಳ್ರಿ.’ ಬೆಕ್ಕು ಸಾಕಿದ ಮನೆಯವರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ. ಬಳ್ಳಾರಿಯ ಓಣಿಯ ಮನೆಯಾಗಲಿ, ರಾಯಚೂರಿನ ಬಾಡಿಗೆ ಮನೆಯಾಗಲಿ, ಗಂಗಾವತಿಯ ಅಕ್ಕಿ ವ್ಯಾಪಾರಿಗಳ ದೊಡ್ಡ ಮನೆಯಾಗಲಿ, ಪ್ರಶ್ನೆ ಬದಲಾಗುವುದಿಲ್ಲ. ನಾನು ಸ್ಪ್ರೇ ಹೆಸರು ಹೇಳುವುದಿಲ್ಲ. ತಿರುಗಿ ಕೇಳುತ್ತೇನೆ. ಗೀರು ಎಲ್ಲಿ ಬಿದ್ದಿದೆ? ಮೇಲಿನಿಂದ ಕೆಳಗೆ ಬಿದ್ದಿದೆಯೋ, ನೆಲದ ಉದ್ದಕ್ಕೆ ಬಿದ್ದಿದೆಯೋ? ಯಾವ ಹೊತ್ತಿನಲ್ಲಿ ಪರಚುತ್ತದೆ? ಆಗ ಮನೆಯಲ್ಲಿ ಏನು ನಡೆದಿರುತ್ತದೆ?

ಬಹಳ ಜನ ಇದನ್ನು ಗಮನಿಸಿಯೇ ಇರುವುದಿಲ್ಲ. ಹರಿದ ಬಟ್ಟೆ ಕಾಣುತ್ತದೆ, ಸಿಟ್ಟು ಬರುತ್ತದೆ, ಬೆಕ್ಕಿಗೆ ಒಂದು ಏಟು ಬೀಳುತ್ತದೆ. ಹೀಗೇ ಕೆಲವು ತಿಂಗಳು ಹೋದರೆ ಕೊನೆಗೆ ಗೋಣಿಚೀಲ ಹೊರಗೆ ಬರುತ್ತದೆ. ಬೆಕ್ಕನ್ನು ಅದರಲ್ಲಿ ಹಾಕಿ ಮಾರುಕಟ್ಟೆ ಹಿಂದೆಯೋ, ಕಾಲುವೆ ಆಚೆಗೋ ಬಿಟ್ಟು ಬರುತ್ತಾರೆ. ಮನೆಯ ಊಟಕ್ಕೆ ಒಗ್ಗಿದ ಬೆಕ್ಕು ಅಲ್ಲಿ ನಾಯಿಗಳ ನಡುವೆ ಎಷ್ಟು ದಿನ ಬದುಕೀತು? ಒಂದು ಕಂಬ, ಸ್ವಲ್ಪ ಹಗ್ಗ, ಒಂದಷ್ಟು ವಾರಗಳ ತಾಳ್ಮೆಯಿಂದ ಸರಿಹೋಗುವ ವಿಷಯಕ್ಕೆ ಒಂದು ಜೀವ ಹೋಗಬಾರದು. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ದೋಷ ಇರುವುದು ಎಲ್ಲಿ

ಬೆಕ್ಕು ಪರಚುವುದನ್ನು ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಲೂ ಬಾರದು. ಪರಚುವ ಜಾಗ ಬದಲಿಸಲು ಆಗುತ್ತದೆ. ಇದನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಬೆಕ್ಕಿಗೆ 18 ಉಗುರು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಉಗುರು ಪದರ ಪದರವಾಗಿ ಬೆಳೆಯುತ್ತದೆ. ಹೊರಗಿನ ಹಳೆಯ ಪದರ ಸಡಿಲವಾದಾಗ ಅದು ಕಳಚಿ ಬೀಳಬೇಕು, ಒಳಗಿನ ಚೂಪು ಉಗುರು ಹೊರಗೆ ಬರಬೇಕು. ಸೋಫಾ ಬುಡದಲ್ಲಿ ಕಸ ಗುಡಿಸುವಾಗ ಕೊಕ್ಕೆಯಂತಹ ತೆಳ್ಳಗಿನ ಟೊಳ್ಳು ಸಿಪ್ಪೆ ಸಿಗುತ್ತದೆ, ಅಲ್ವಾ? ಅದೇ ಈ ಪದರ. ಉಗುರೇ ಕಿತ್ತು ಬಂತು ಅಂತ ಹೆದರಬೇಡಿ.

ಎರಡನೆಯದು ಗುರುತು ಹಾಕುವುದು. ಬೆಕ್ಕಿನ ಪಾದದ ಮೆತ್ತೆಗಳ ನಡುವೆ ವಾಸನೆ ಬಿಡುವ ಗ್ರಂಥಿಗಳಿವೆ. ಆ ವಾಸನೆ ನಮ್ಮ ಮೂಗಿಗೆ ಸಿಗುವುದಿಲ್ಲ, ಬೇರೆ ಬೆಕ್ಕಿಗೆ ಸಿಗುತ್ತದೆ. ಕಣ್ಣಿಗೆ ಗೀರು, ಮೂಗಿಗೆ ವಾಸನೆ. ಅಂಗಡಿಯವರು ಬೋರ್ಡ್ ಹಾಕುವ ಹಾಗೆ ಬೆಕ್ಕು ‘ಇದು ನನ್ನ ಜಾಗ’ ಅಂತ ಬರೆದಿಡುತ್ತದೆ. ಬೋರ್ಡನ್ನು ಯಾರೂ ಹಿತ್ತಲಲ್ಲಿ ಹಾಕುವುದಿಲ್ಲ, ಜನ ಓಡಾಡುವ ಕಡೆ ಹಾಕುತ್ತಾರೆ. ಬೆಕ್ಕು ಮೂಲೆಯ ಹಳೇ ಚಾಪೆ ಬಿಟ್ಟು ಪಡಸಾಲೆಯ ಹೊಸ ಸೋಫಾಗೇ ಬರುವುದು ಇದರಿಂದ.

ಇನ್ನು ಮೈ ಮುರಿಯುವುದು. ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ಮಲಗುತ್ತದೆ. ಎದ್ದ ಕೂಡಲೇ ಮುಂಗಾಲು ಮೇಲಕ್ಕೆ ಚಾಚಿ, ಉಗುರು ಸಿಕ್ಕಿಸಿ, ಬೆನ್ನು ಭುಜ ಎಳೆದುಕೊಳ್ಳಬೇಕು. ಅದಕ್ಕೆ ಎತ್ತರ ಬೇಕು, ಎಳೆದರೆ ಅಲುಗಾಡದ ವಸ್ತು ಬೇಕು.

ಈಗ ನಿಮ್ಮ ಸೋಫಾವನ್ನು ಬೆಕ್ಕಿನ ಕಣ್ಣಿಂದ ನೋಡಿ. ಭಾರ ಇದೆ, ಅಲುಗಾಡುವುದಿಲ್ಲ. ಎತ್ತರ ಸರಿಯಾಗಿದೆ. ಬಟ್ಟೆಯಲ್ಲಿ ಉಗುರು ಸಿಗುತ್ತದೆ. ಮನೆಯವರ ಮೈವಾಸನೆ ಅದರ ತುಂಬ ಇದೆ. ಎಲ್ಲರೂ ಕೂರುವ ಜಾಗದಲ್ಲಿದೆ. ಇದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲಿ ಇನ್ನೊಂದು ಇಲ್ಲ. ದೋಷ ಇರುವುದು ಇಲ್ಲಿಯೇ.

ಗೀರು ಏನು ಹೇಳುತ್ತದೆ

ಒಂದು ವಾರ ಏನೂ ಖರೀದಿಸಬೇಡಿ. ಕ್ಯಾಲೆಂಡರ್ ಹಿಂಬದಿಯಲ್ಲಿ ಬರೆದಿಡಿ: ಜಾಗ, ಹೊತ್ತು, ಗೀರಿನ ದಿಕ್ಕು, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೇ ಈ ಕೆಲಸ ಕೊಡಿ. ದೊಡ್ಡವರಿಗಿಂತ ಚೆನ್ನಾಗಿ ಗಮನಿಸುತ್ತಾರೆ.

ಸೋಫಾದ ಕೈ, ಬಾಗಿಲ ಚೌಕಟ್ಟು, ಮರದ ಕಂಬ, ಬೀರುವಿನ ಅಂಚು, ಇಂಥ ಕಡೆ ಮೇಲಿನಿಂದ ಕೆಳಗೆ ಗೀರು ಬಿದ್ದಿದ್ದರೆ ನಿಮ್ಮ ಬೆಕ್ಕಿಗೆ ನಿಂತ ಕಂಬ ಬೇಕು. ಚಾಪೆ, ಕೌದಿ, ಕಾಲೊರೆಸು, ಸೋಫಾದ ಕೂರುವ ಭಾಗ ಹರಿದಿದ್ದರೆ ಅದು ಮಲಗಿಸಿಟ್ಟ ಮೇಲ್ಮೈ ಇಷ್ಟಪಡುವ ಬೆಕ್ಕು. ಅದಕ್ಕೆ ಎಷ್ಟು ದೊಡ್ಡ ಕಂಬ ತಂದು ನಿಲ್ಲಿಸಿದರೂ ತಿರುಗಿ ನೋಡುವುದಿಲ್ಲ. ಹೊರಸಿನ ಹಗ್ಗ ಪರಚುವ ಬೆಕ್ಕುಗಳು ನಮ್ಮ ಕಡೆ ಬಹಳ. ಅವು ಏನು ಬೇಕು ಅಂತ ತಾವೇ ಹೇಳಿಬಿಟ್ಟಿವೆ: ಬಿಗಿಯಾಗಿ ಎಳೆದು ಕಟ್ಟಿದ ನಾರಿನ ಹಗ್ಗ, ಮಲಗಿಸಿಟ್ಟದ್ದು.

ಹೊತ್ತು ನೋಡಿ. ನಿದ್ದೆಯಿಂದ ಎದ್ದ ಕೂಡಲೇ ಪರಚಿದರೆ ಮೈ ಮುರಿಯುತ್ತಿದೆ, ಮಲಗುವ ಜಾಗದ ಪಕ್ಕದಲ್ಲೇ ಕಂಬ ಇರಬೇಕು. ನೀವು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ಓಡಿ ಬಂದು ಪರಚಿದರೆ ಅದು ಖುಷಿ. ಬಾಗಿಲ ಹತ್ತಿರ ಇನ್ನೊಂದು ಜಾಗ ಮಾಡಿಕೊಡಬೇಕು.

ಬಾಗಿಲು, ಕಿಟಕಿ ಸುತ್ತಮುತ್ತ ಮಾತ್ರ ಗೀರು ಇದ್ದರೆ ಹೊರಗೆ ಯಾರಿದ್ದಾರೆ ಅಂತ ನೋಡಿ. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆಯಾದರೆ ಎಲ್ಲರ ಮನೆಯ ಬಾಗಿಲು ತೆರೆದಿರುತ್ತವೆ, ಜನ ಮಾಳಿಗೆ ಮೇಲೆ ಮಲಗುತ್ತಾರೆ. ಆಗ ಓಣಿಯ ಗಂಡು ಬೆಕ್ಕು ಕಾಂಪೌಂಡ್ ಗೋಡೆ ಮೇಲೆ ಬಂದು ಕೂರುತ್ತದೆ. ಒಳಗಿನ ಬೆಕ್ಕಿಗೆ ಆತಂಕ ಶುರು. ಬಾಗಿಲ ಹತ್ತಿರ ಮತ್ತೆ ಮತ್ತೆ ಗುರುತು ಹಾಕುತ್ತದೆ, ಕೆಲವು ಬೆಕ್ಕುಗಳು ಮೂತ್ರವನ್ನೂ ಚಿಮ್ಮಿಸುತ್ತವೆ. ಇಲ್ಲಿ ಕಂಬ ಒಂದೇ ಸಾಲದು. ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿ ನೋಟ ಮರೆ ಮಾಡಿ. ಹೊರಗೆ ಊಟ ಇಡುತ್ತಿದ್ದರೆ ಆ ಜಾಗವನ್ನು ಬಾಗಿಲಿನಿಂದ ದೂರ ಮಾಡಿ. ನಿಮ್ಮ ಬೆಕ್ಕಿಗೆ ಸಂತಾನಹರಣ ಆಪರೇಷನ್ ಆಗಿಲ್ಲದಿದ್ದರೆ ಮಾಡಿಸಿ. ಗಂಡಾಗಲಿ ಹೆಣ್ಣಾಗಲಿ, ಅದಾದ ಮೇಲೆ ಮೂತ್ರ ಚಿಮ್ಮಿಸುವುದು, ಜಗಳ, ಅಲೆದಾಟ ಬಹಳ ಕಡಿಮೆಯಾಗುತ್ತವೆ. ಪರಚುವುದು ಮಾತ್ರ ಪೂರ್ತಿ ನಿಲ್ಲುವುದಿಲ್ಲ, ಆ ಆಸೆಯಿಂದ ಮಾಡಿಸಬೇಡಿ.

ಮುಚ್ಚಿದ ಬಾಗಿಲ ಬುಡದಲ್ಲಿ ಗೀರು ಇದ್ದರೆ ಕಥೆಯೇ ಬೇರೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮನೆಯವರೆಲ್ಲ ಕೂಲರ್ ಇರುವ ಕೋಣೆಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಬೆಕ್ಕು ಹೊರಗೆ ಉಳಿಯುತ್ತದೆ. ಅದು ಗುರುತು ಹಾಕುತ್ತಿಲ್ಲ, ಒಳಗೆ ಬಿಡಿ ಅಂತ ಕೇಳುತ್ತಿದೆ. ಬಾಗಿಲಿಗೆ ಕಬ್ಬಿಣದ ತಗಡು ಹೊಡೆಸುವ ಬದಲು ಬೆಕ್ಕನ್ನು ಒಳಗೆ ಕರೆದುಕೊಳ್ಳಿ. ಇಲ್ಲದಿದ್ದರೆ ಬಚ್ಚಲು ಪಕ್ಕದ ತಂಪು ನೆಲದಲ್ಲಿ ನೀರಿಟ್ಟು ಅದಕ್ಕೊಂದು ಜಾಗ ಮಾಡಿ. ಈ ಬಿಸಿಲಿನಲ್ಲಿ ಅದಕ್ಕೂ ತಂಪು ಬೇಕಲ್ಲ.

ಕಿಟಕಿಯ ಸೊಳ್ಳೆ ಪರದೆ ಹತ್ತಿ ಹರಿಯುವ ಬೆಕ್ಕು ಹೊರಗಿನ ಅಳಿಲು, ಗುಬ್ಬಿ ನೋಡಲು ಹತ್ತುತ್ತಿದೆ. ಕಿಟಕಿ ಪಕ್ಕ ಕೂರಲು ಒಂದು ಸ್ಟೂಲ್ ಇಟ್ಟರೆ ಸಾಕು, ಬಹಳಷ್ಟು ಸಲ ಪರದೆ ಉಳಿಯುತ್ತದೆ.

ಕಂಬ ಮಾಡುವುದು ಹೇಗೆ

ಅಂಗಡಿಯಲ್ಲಿ ಮಾರುವ ಚಿಕ್ಕ ಕಂಬಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಮೊಣಕಾಲೆತ್ತರ ಇರುತ್ತವೆ, ಬುಡ ಹಗುರ, ಬೆಕ್ಕು ಎಳೆದ ಕೂಡಲೇ ಮೈಮೇಲೆ ಬೀಳುತ್ತವೆ. ಒಮ್ಮೆ ಹಾಗೆ ಬಿದ್ದರೆ ಬೆಕ್ಕು ಮತ್ತೆ ಅದರ ಹತ್ತಿರ ಹೋಗುವುದಿಲ್ಲ. ಮನೆಯಲ್ಲೇ ಮಾಡಿದರೆ ಕಡಿಮೆ ಖರ್ಚಿನಲ್ಲಿ ಗಟ್ಟಿಯಾಗಿ ಆಗುತ್ತದೆ. ಬೇಕಾದ ಸಾಮಾನು ನಮ್ಮ ಕಡೆ ಹೇರಳವಾಗಿದೆ.

ಎತ್ತರ: ಹಗ್ಗ ಸುತ್ತಿದ ಭಾಗ ಕನಿಷ್ಠ 75 ಸೆಂಟಿಮೀಟರ್, ದೊಡ್ಡ ಗಂಡು ಬೆಕ್ಕಾದರೆ 90. ಹಿಂಗಾಲ ಮೇಲೆ ನಿಂತು ಮುಂಗಾಲು ಪೂರ್ತಿ ಚಾಚಿದಾಗಲೂ ಹಗ್ಗ ಇನ್ನೂ ಮೇಲಕ್ಕೆ ಇರಬೇಕು.

ಕಂಬಕ್ಕೆ ಮರದ ದಿಮ್ಮಿ ಒಳ್ಳೆಯದು. ನಾಲ್ಕು ಇಂಚು ದಪ್ಪದ ಬೇವು ಅಥವಾ ಬಳ್ಳಾರಿ ಜಾಲಿ ಸಾಕು. ಜಾಲಿಯಾದರೆ ಮುಳ್ಳನ್ನು ಬುಡ ಸಮೇತ ಕೆತ್ತಿಸಿ, ಕೈಯಾಡಿಸಿ ನೋಡಿ. ದಿಮ್ಮಿ ಸಿಗದಿದ್ದರೆ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು ಕೂಡ ನಡೆಯುತ್ತದೆ, ಒಳಗೆ ಮರಳು ತುಂಬಿ. ಪೈಪಿನ ಮೇಲೆ ಹಗ್ಗ ಜಾರುತ್ತದೆ. ಅದಕ್ಕೆ ಮೊದಲು ಗೋಣಿ ಬಟ್ಟೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಹಗ್ಗ ಸುತ್ತಬೇಕು.

ಬುಡಕ್ಕೆ ಎರಡು ದಾರಿ. ಅಗಲವಾದ ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಕಂಬ ನಿಲ್ಲಿಸಿ ಕಾಂಕ್ರೀಟ್ ಹಾಕುವುದು ಒಂದು. ದಪ್ಪ ಪ್ಲೈವುಡ್ ಹಲಗೆಗೆ ಕೆಳಗಿನಿಂದ ಉದ್ದ ಸ್ಕ್ರೂ ಹಾಕಿ ಕಂಬ ನಿಲ್ಲಿಸಿ, ಹಲಗೆಯ ಮೇಲೆ ಶಹಾಬಾದ್ ಪರಸಿ ಕಲ್ಲಿನ ತುಂಡು ಹೇರುವುದು ಇನ್ನೊಂದು. ಮನೆ ಕಟ್ಟುವ ಕಡೆ ಪರಸಿಯ ಒಡೆದ ತುಂಡು ಸುಮ್ನೆ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಹಲಗೆ 45 ಸೆಂಟಿಮೀಟರ್ ಚೌಕ ಇರಲಿ. ಮಾಡಿದ ಮೇಲೆ ಕಂಬದ ತುದಿ ಹಿಡಿದು ಜೋರಾಗಿ ಎಳೆಯಿರಿ. ನಿಮ್ಮ ಕೈಗೆ ಅಲುಗಾಡಿದರೆ ಬೆಕ್ಕಿಗೂ ಅಲುಗಾಡುತ್ತದೆ, ಇನ್ನಷ್ಟು ಕಲ್ಲು ಹಾಕಿ.

ಹಳೆಯ ಮನೆಯಲ್ಲಿರುವವರಿಗೆ ಇಷ್ಟೂ ಬೇಡ. ಪಡಸಾಲೆಯಲ್ಲಿ ಮರದ ಕಂಬ ಇದ್ದರೆ ಅದರ ಕೆಳಗಿನ ಭಾಗಕ್ಕೇ ಹಗ್ಗ ಸುತ್ತಿ. ಅದಕ್ಕಿಂತ ಗಟ್ಟಿ ಕಂಬ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಗ್ಗದ ವಿಷಯಕ್ಕೆ ಬರೋಣ, ಇದೇ ಮುಖ್ಯ. ಪೇಟೆಯ ಕಂಬಗಳಿಗೆ ಸುತ್ತಿರುವ ಸೈಸಲ್ ಹಗ್ಗ ಕತ್ತಾಳೆ ಜಾತಿಯ ಗಿಡದ ನಾರು. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಕತ್ತಾಳೆಯ ಬಳಗವೇ. ಕತ್ತಾಳೆ ನಾರಿನ ಹಗ್ಗ ಸಿಕ್ಕರೆ ಅದನ್ನೇ ತನ್ನಿ. ಪುಂಡಿ ನಾರಿನ ಹಗ್ಗ, ಸೆಣಬಿನ ಹಗ್ಗವೂ ಆಗುತ್ತದೆ. ತೆಂಗಿನ ನಾರಿನ ಹಗ್ಗ ಸ್ವಲ್ಪ ಒರಟು, ಕೆಲವು ಬೆಕ್ಕು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ನೈಲಾನ್ ಹಗ್ಗ ಬೇಡವೇ ಬೇಡ. ಉಗುರು ಜಾರುತ್ತದೆ, ಎಳೆ ಬಿಟ್ಟರೆ ಬೆಕ್ಕು ನುಂಗುತ್ತದೆ. ಬೆಕ್ಕಿನ ನಾಲಗೆಯ ಮುಳ್ಳು ಒಳಮುಖ ಇರುವುದರಿಂದ ಬಾಯಿಗೆ ಹೋದ ದಾರವನ್ನು ಉಗುಳಲು ಅದಕ್ಕೆ ಕಷ್ಟ. ಹೊಟ್ಟೆಗೆ ಹೋದ ದಾರ ಕರುಳನ್ನು ನೆರಿಗೆ ಕಟ್ಟಿಸಿ ಕೊಲ್ಲಬಹುದು. ಯಾವುದೇ ಹಗ್ಗವಾದರೂ ಜೋತು ಬಿದ್ದ ಎಳೆಯನ್ನು ಆಗಾಗ ಕತ್ತರಿಸಿ ಹಾಕಿ.

ಎಂಟು ಮಿಲಿಮೀಟರ್ ದಪ್ಪದ ಹಗ್ಗವಾದರೆ, ನಾಲ್ಕು ಇಂಚಿನ ಕಂಬದ 80 ಸೆಂಟಿಮೀಟರ್ ಸುತ್ತಲು 35ರಿಂದ 40 ಮೀಟರ್ ಬೇಕು. ಅಂಗಡಿಗೆ ಹೋಗುವಾಗ ಈ ಲೆಕ್ಕ ಇಟ್ಟುಕೊಳ್ಳಿ. ಒಂದು ಸುತ್ತಿಗೆ ಇನ್ನೊಂದು ಒತ್ತಿಕೊಂಡು ಕೂರುವಂತೆ ಎಳೆದು ಸುತ್ತಿ. ಮರದ ಕಂಬವಾದರೆ ನಡುನಡುವೆ ಫೆವಿಕಾಲ್ ಹಚ್ಚಿ, ಪೂರ್ತಿ ಒಣಗುವ ತನಕ ಬೆಕ್ಕನ್ನು ದೂರ ಇಡಿ. ಮೊಳೆ ಹೊಡೆಯುವುದಾದರೆ ಮೇಲಿನ ತುದಿ, ಕೆಳಗಿನ ತುದಿ ಮಾತ್ರ. ತಲೆ ಪೂರ್ತಿ ಒಳಗೆ ಹೋಗಿರಬೇಕು.

ನೆಲದ ಮೇಲೆ ಪರಚುವ ಬೆಕ್ಕಿಗೆ ಕೆಲಸ ಇನ್ನೂ ಸುಲಭ. ಎರಡು ಅಡಿ ಉದ್ದದ ಭಾರದ ಹಲಗೆಗೆ ಸೆಣಬಿನ ಗೋಣಿಯನ್ನು ಎರಡು ಮಡಿಕೆ ಮಾಡಿ, ಎಳೆದು ಹಿಂಬದಿಯಲ್ಲಿ ಮೊಳೆ ಹೊಡೆಯಿರಿ. ಗಂಗಾವತಿ, ಸಿಂಧನೂರು, ಮಾನ್ವಿಯ ಕಡೆಯವರಿಗೆ ಗೋಣಿ ಹುಡುಕುವ ಕಷ್ಟ ಇಲ್ಲ. ಆದರೆ ಗೊಬ್ಬರದ ಚೀಲ, ಕೀಟನಾಶಕದ ಪಕ್ಕ ಇಟ್ಟ ಚೀಲ ಬಳಸಬೇಡಿ. ಕಾಳಿನ ಚೀಲಕ್ಕೂ ಹುಳದ ಪುಡಿ ಹಾಕಿರಬಹುದು. ಚೆನ್ನಾಗಿ ಒಗೆದು ಬಿಸಿಲಲ್ಲಿ ಒಣಗಿಸಿಯೇ ಬಳಸಿ, ಬೆಕ್ಕು ಪರಚಿದ ಕಾಲನ್ನು ನೆಕ್ಕುತ್ತದೆ.

ಸೋಫಾದಿಂದ ಕಂಬಕ್ಕೆ ಕರೆತರುವುದು

ಇಲ್ಲಿ ಬಹಳ ಜನ ಕೆಡಿಸಿಕೊಳ್ಳುತ್ತಾರೆ. ಚೆಂದದ ಕಂಬ ಮಾಡಿ, ಪಡಸಾಲೆಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂತ ಹಿತ್ತಲ ಕೋಣೆಯಲ್ಲಿ ಇಡುತ್ತಾರೆ. ಬೆಕ್ಕು ಅಲ್ಲಿಗೆ ಹೋಗಿ ಗುರುತು ಹಾಕಬೇಕು ಏಕೆ? ಕಂಬ ಇರಬೇಕಾದದ್ದು ಹರಿದ ಸೋಫಾದ ಕೈಗೆ ಅಂಟಿಕೊಂಡು, ಬೆಕ್ಕು ಬರುವ ದಾರಿಗೆ ಅಡ್ಡ. ಸೋಫಾ ಮುಟ್ಟುವ ಮೊದಲು ಕಂಬವೇ ಎದುರಾಗಬೇಕು. ಬೇಸಿಗೆಯಾದರೆ ಪಡುವಣ ಗೋಡೆಯ ಪಕ್ಕ ಬೇಡ, ಆ ಗೋಡೆ ರಾತ್ರಿಯ ತನಕ ಕಾದಿರುತ್ತದೆ, ಬೆಕ್ಕು ಹತ್ತಿರ ಸುಳಿಯುವುದಿಲ್ಲ.

ಅದೇ ದಿನ ಸೋಫಾವನ್ನು ಪರಚಲು ಬೇಸರ ಬರುವ ಹಾಗೆ ಮಾಡಿ. ಮೊದಲು ಹಳೆಯ ವಾಸನೆ ಹೋಗಬೇಕು. ಸೌಮ್ಯ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಒಣಗಿಸಿ. ಆಮೇಲೆ ಹೊದಿಕೆ. ಬಳ್ಳಾರಿಯವರಿಗೆ ನನ್ನ ಸಲಹೆ ಜೀನ್ಸ್ ಬಟ್ಟೆ. ಊರ ತುಂಬ ಜೀನ್ಸ್ ಹೊಲಿಯುವ ಘಟಕಗಳಿವೆ, ದಪ್ಪ ಬಟ್ಟೆಯ ದೊಡ್ಡ ತುಂಡುಗಳು ಸಿಗುತ್ತವೆ. ಸೋಫಾದ ಕೈಗೆ ಬಿಗಿಯಾದ ಕವರ್ ಹೊಲಿಸಿ, ಅಂಚನ್ನು ಒಳಗೆ ತೂರಿಸಿ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಉಗುರು ಸಿಕ್ಕಿ ಎಳೆ ಬರುವುದು ಕಡಿಮೆ. ಸಡಿಲವಾಗಿ ಜೋತು ಬಿದ್ದ ಬೆಡ್‌ಶೀಟ್ ಹಾಕಿದರೆ ಏನೂ ಉಪಯೋಗ ಇಲ್ಲ, ಅದರೊಳಗೇ ನುಗ್ಗಿ ಆಡುತ್ತವೆ.

ಎರಡೂ ಕಡೆ ಅಂಟಿರುವ ಟೇಪ್ ಕೂಡ ಕೆಲಸ ಮಾಡುತ್ತದೆ. ಪಾದಕ್ಕೆ ಅಂಟು ತಾಗುವುದು ಬೆಕ್ಕಿಗೆ ಆಗುವುದಿಲ್ಲ. ಆದರೆ ನಮ್ಮ ಬಿಸಿಲಿಗೆ ಆ ಅಂಟು ಕರಗಿ ಸೋಫಾ ಬಟ್ಟೆಗೆ ಇಳಿದರೆ ಕಲೆ ಹೋಗುವುದಿಲ್ಲ, ರೆಕ್ಸಿನ್ ಆದರೆ ತೆಗೆಯುವಾಗ ಸುಲಿದು ಬರುತ್ತದೆ. ಟೇಪನ್ನು ನೇರವಾಗಿ ಸೋಫಾಗೆ ಹಚ್ಚದೆ ಕವರ್ ಮೇಲೆ ಹಚ್ಚಿ. ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೂ ಕೆಲವು ವಾರ ದೂರ ಇರುತ್ತವೆ.

ಇನ್ನು ಕಂಬದ ಕಡೆಗೆ ಎಳೆಯುವುದು. ದಾರ ಕಟ್ಟಿದ ಗರಿಯನ್ನು ಕಂಬದ ಮೇಲೆ ಓಡಾಡಿಸಿ, ಬೆಕ್ಕು ಹಾರಿ ಹಿಡಿಯುವಾಗ ಉಗುರು ಹಗ್ಗಕ್ಕೆ ಸಿಗುತ್ತದೆ. ಹಾಗೆ ಪರಚಿದ ಆ ಕ್ಷಣವೇ ಉಪ್ಪು, ಖಾರ ಹಾಕದೆ ಬೇಯಿಸಿದ ಕೋಳಿಯ ಚೂರು ಕೊಡಿ. ತಡ ಮಾಡಿದರೆ ಯಾವುದಕ್ಕೆ ಸಿಕ್ಕಿತು ಅಂತ ಅದಕ್ಕೆ ತಿಳಿಯುವುದಿಲ್ಲ. ಆಟ ಮುಗಿದ ಮೇಲೆ ದಾರ ಎತ್ತಿಡಿ. ಬೆಕ್ಕಿನ ಕಾಲು ಹಿಡಿದು ಹಗ್ಗಕ್ಕೆ ಉಜ್ಜುವುದು ಬೇಡ, ಬಲವಂತ ಮಾಡಿದ ಜಾಗದ ಮೇಲೆ ಅದಕ್ಕೆ ಹೆದರಿಕೆ ಹುಟ್ಟುತ್ತದೆ.

ಕುಪ್ಪಿಗಿಡದ ಬೇರಿಗೆ ಬೆಕ್ಕು ಮರುಳಾಗುವುದು ನಮ್ಮ ಹಿರಿಯರಿಗೆ ಗೊತ್ತಿರುವ ವಿಷಯ. ಹೊರಗಿನ ದೇಶಗಳಲ್ಲಿ ಕ್ಯಾಟ್‌ನಿಪ್ ಎಂಬ ಗಿಡವನ್ನು ಹೀಗೇ ಬಳಸುತ್ತಾರೆ, ಅದಕ್ಕೆ ಬೆಳೆದ ಬೆಕ್ಕುಗಳಲ್ಲಿ ಸುಮಾರು ಮೂರರಲ್ಲಿ ಎರಡು ಮಾತ್ರ ಸ್ಪಂದಿಸುತ್ತವೆ, ಸಣ್ಣ ಮರಿಗಳಿಗೆ ಏನೂ ಆಗುವುದಿಲ್ಲ. ಕುಪ್ಪಿಗಿಡದ ತೊಳೆದ ಬೇರನ್ನು ಹಗ್ಗಕ್ಕೆ ಉಜ್ಜಿ ಬಿಟ್ಟರೆ ಸಾಕು. ತಿನ್ನಲು ಕೊಡಬೇಡಿ, ಅದು ವಾಂತಿ ಮಾಡಿಸುವ ಗಿಡ.

ಎರಡು ಮೂರು ವಾರ ಬೆಕ್ಕು ಕಂಬವನ್ನೇ ಬಳಸಿತು ಅಂದರೆ, ಬೇಕಿದ್ದರೆ ಕಂಬ ಸರಿಸಬಹುದು. ದಿನಕ್ಕೆ ಒಂದು ಗೇಣು, ಅದಕ್ಕಿಂತ ಜಾಸ್ತಿ ಬೇಡ. ಸೋಫಾದ ಕವರ್ ತೆಗೆಯಲು ಅವಸರ ಮಾಡಬೇಡಿ.

ಕಂಬ ಇದ್ದರೂ ಸೋಫಾಗೇ ಹೋಗುತ್ತಿದ್ದರೆ

ಒಂದೊಂದೇ ಬದಲಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಸರಿಹೋಯಿತು ಅಂತ ತಿಳಿಯುವುದಿಲ್ಲ. ಮೊದಲು ಅಲುಗಾಟ, ಆಮೇಲೆ ಜಾಗ, ಆಮೇಲೆ ಎತ್ತರ, ಕೊನೆಗೆ ಹಗ್ಗ. ನನಗೆ ಕಂಡ ಮಟ್ಟಿಗೆ ತಪ್ಪು ಹೆಚ್ಚಾಗಿ ಮೊದಲ ಎರಡರಲ್ಲೇ ಸಿಗುತ್ತದೆ.

ಮನೆಯಲ್ಲಿ ಎಷ್ಟು ಬೆಕ್ಕಿವೆ ಅಂತಲೂ ನೋಡಿ. ಎರಡು ಬೆಕ್ಕಿಗೆ ಒಂದೇ ಕಂಬ ಇದ್ದರೆ ಜೋರಿನದು ಅದನ್ನು ಹಿಡಿದುಕೊಳ್ಳುತ್ತದೆ, ಮೆತ್ತಗಿನದು ಸೋಫಾಗೆ ಬರುತ್ತದೆ. ಬೆಕ್ಕಿಗೊಂದು, ಮೇಲೊಂದು ಇರಲಿ. ಎಲ್ಲವೂ ಒಂದೇ ಕೋಣೆಯಲ್ಲಿ ಬೇಡ.

ಮನೆಯಲ್ಲಿ ಏನಾದರೂ ಬದಲಾಯಿತೇ? ಹೊಸ ಮಗು, ಹೊಸ ಬಾಡಿಗೆ ಮನೆ, ಸುಣ್ಣ ಬಣ್ಣ, ಮದುವೆಗೆ ಬಂದ ನೆಂಟರು. ಬೆಕ್ಕಿನ ಗುರುತುಗಳೆಲ್ಲ ಅಳಿಸಿಹೋದಾಗ ಅದು ಹೊಸದಾಗಿ ಹಾಕುತ್ತದೆ. ಕೆಲವು ದಿನ ಅದಕ್ಕೆ ಒಂದು ಶಾಂತ ಕೋಣೆ, ಅದರ ಹಳೇ ಹಾಸಿಗೆ ಬಿಟ್ಟುಕೊಡಿ.

ಕಿನ್ನಾಳದ ಬೊಂಬೆ, ಬಣ್ಣದ ತೊಟ್ಟಿಲು ಇರುವ ಮನೆಯವರಿಗೆ ಒಂದು ಮಾತು. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಕಲಸಿದ ಪದರ ಹಾಕಿ, ಅದರ ಮೇಲೆ ಬಣ್ಣ ಬರೆದ ಕೆಲಸ ಅದು. ಒಮ್ಮೆ ಉಗುರು ಎಳೆದರೆ ಮನೆಯಲ್ಲಿ ಸರಿ ಮಾಡಲು ಬರುವುದಿಲ್ಲ. ಅಭ್ಯಾಸ ಬದಲಾಗುವ ತನಕ ಕಾಯಬೇಡಿ, ಇವತ್ತೇ ಗಾಜಿನ ಕಪಾಟಿಗೆ ಸೇರಿಸಿ.

ಉಗುರು ಕತ್ತರಿಸಬೇಕೇ?

ಮನೆಯೊಳಗೇ ಇರುವ ಬೆಕ್ಕಿಗೆ ಎರಡು ಮೂರು ವಾರಕ್ಕೊಮ್ಮೆ ತುದಿ ಕತ್ತರಿಸಬಹುದು. ಹೊರಗೆ ಓಡಾಡುವ ಬೆಕ್ಕಿಗೆ ಬೇಡ. ನಮ್ಮ ಓಣಿಗಳಲ್ಲಿ ನಾಯಿ ಅಟ್ಟಿಸಿಕೊಂಡು ಬಂದರೆ ಗೋಡೆ, ಮರ ಹತ್ತಲು ಅದಕ್ಕೆ ಉಗುರೇ ಗತಿ.

ಬೆಕ್ಕು ತೂಕಡಿಸುವಾಗ ಕಾಲನ್ನು ಮೆಲ್ಲಗೆ ಹಿಡಿದು ಮೆತ್ತೆಯ ಮೇಲೆ ಒತ್ತಿ, ಉಗುರು ಹೊರಬರುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಗುಲಾಬಿ ಬಣ್ಣದ ಭಾಗ ಕಾಣುತ್ತದೆ. ಅಲ್ಲಿ ರಕ್ತ, ನರ ಎರಡೂ ಇವೆ. ಅದರಿಂದ ದೂರ, ಪಾರದರ್ಶಕವಾದ ಕೊಕ್ಕೆಯ ತುದಿ ಮಾತ್ರ ತೆಗೆಯಿರಿ. ಒಂದೇ ಸಲ ಎಲ್ಲ ಮುಗಿಸುವ ಹಟ ಬೇಡ, ದಿನಕ್ಕೆ ಎರಡು ಉಗುರಾದರೂ ಸರಿ. ಎಲ್ಲಾದರೂ ರಕ್ತ ಬಂದರೆ ಸ್ವಲ್ಪ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ಪಶುವೈದ್ಯರ ಹತ್ತಿರ ಹೋಗಿ.

ಇವನ್ನು ಮಾಡಲೇಬೇಡಿ

ಸೋಫಾ ಸುತ್ತ ಫಿನೈಲ್ ಒರೆಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ವಾಸನೆಗೆ ಬೆಕ್ಕು ದೂರ ಹೋಗಲಿ ಅಂತ. ಫಿನೈಲ್ ಬೆಕ್ಕಿಗೆ ವಿಷ. ಇಂಥ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಬಹಳ ಕಡಿಮೆ. ಪಾದಕ್ಕೆ ಹತ್ತಿದ್ದನ್ನು ನೆಕ್ಕಿಯೇ ನೆಕ್ಕುತ್ತದೆ. ಕಪ್ಪು ಫಿನೈಲ್ ಇನ್ನೂ ಅಪಾಯ. ಕರ್ಪೂರ, ನುಸಿಗುಳಿಗೆ, ನೀಲಗಿರಿ ಎಣ್ಣೆ, ಇವೂ ಹಾಗೆಯೇ. ಖಾರದ ಪುಡಿ ಉದುರಿಸುವವರೂ ಇದ್ದಾರೆ. ಪಾದದಿಂದ ಕಣ್ಣಿಗೆ ಹೋದರೆ ಆ ಉರಿ ಹೇಗಿರುತ್ತದೆ, ಖಾರದ ಮೆಣಸಿನಕಾಯಿ ಕುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡವರಿಗೆ ಹೇಳಬೇಕಿಲ್ಲ.

ಹೊಡೆಯುವುದರಿಂದ, ನೀರು ಚಿಮ್ಮಿಸುವುದರಿಂದ ಬೆಕ್ಕು ಒಂದೇ ಪಾಠ ಕಲಿಯುತ್ತದೆ: ನೀವು ಇದ್ದಾಗ ಪರಚಬಾರದು. ನೀವು ಹೊರಗೆ ಹೋದ ಮೇಲೆ ಪರಚುತ್ತದೆ. ಹೆದರಿದ ಬೆಕ್ಕು ಗುರುತು ಹಾಕುವುದು ಇನ್ನೂ ಜಾಸ್ತಿ ಮಾಡುತ್ತದೆ.

ಉಗುರನ್ನೇ ಪೂರ್ತಿ ತೆಗೆಸಬಹುದಲ್ಲ ಅಂತ ಕೇಳುತ್ತಾರೆ. ಅದರಲ್ಲಿ ಉಗುರಷ್ಟೇ ಹೋಗುವುದಿಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುತ್ತಾರೆ. ಬೆಕ್ಕು ಜೀವನಪೂರ್ತಿ ನೋವಿನಲ್ಲಿ ನಡೆಯಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಾಣಿಯ ಅಂಗ ಊನ ಮಾಡುವುದನ್ನು ಅಪರಾಧ ಎನ್ನುತ್ತದೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಬರುವುದೂ ಅದೇ ಸೆಕ್ಷನ್ನಿನಲ್ಲಿ ಅಪರಾಧ. ಗೋಣಿಚೀಲ ಹಿಡಿಯುವವರಿಗೆ ಇದು ಗೊತ್ತಿರಲಿ.

ವೈದ್ಯರಿಗೆ ತೋರಿಸಬೇಕಾದದ್ದು

ವರ್ಷಗಟ್ಟಲೆ ಸುಮ್ಮನಿದ್ದ ಬೆಕ್ಕು ಇದ್ದಕ್ಕಿದ್ದಂತೆ ಎಲ್ಲೆಂದರಲ್ಲಿ ಪರಚಲು ಶುರು ಮಾಡಿದರೆ, ಕುಂಟಿದರೆ, ಬೆರಳು ಊದಿದರೆ, ಉಗುರು ಬಾಗಿ ಮೆತ್ತೆಯೊಳಗೆ ಹೊಕ್ಕಿದ್ದರೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ವಯಸ್ಸಾದ ಬೆಕ್ಕು ಹೊಟ್ಟೆ ತುಂಬ ತಿಂದರೂ ತೂಕ ಇಳಿದು ಚಡಪಡಿಸುತ್ತಿದ್ದರೆ ಥೈರಾಯ್ಡ್ ತೊಂದರೆ ಇರಬಹುದು. ವಯಸ್ಸಾದ ಬೆಕ್ಕು ಪರಚುವುದನ್ನೇ ಬಿಟ್ಟಿದ್ದರೂ ಗಮನಿಸಿ. ಕೀಲು ನೋವಿದ್ದರೆ ಮೈ ಚಾಚಲು ಆಗುವುದಿಲ್ಲ, ಉಗುರು ದಪ್ಪವಾಗಿ ಬೆಳೆಯುತ್ತದೆ. ಅಂಥದಕ್ಕೆ ನೆಲದ ಮೇಲಿನ ಗೋಣಿ ಹಲಗೆ ಒಳ್ಳೆಯದು.

ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ಮುಕ್ಕಿರಿದರೂ ಹನಿ ಬರದಿದ್ದರೆ ಮಾತ್ರ ನಾಳೆಗೆ ಬಿಡಬೇಡಿ. ಮೂತ್ರ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು.

ಹಗ್ಗ ಸವೆದ ಮೇಲೆ

ಕಂಬ ಜೂಲು ಜೂಲಾಗಿ ಕಂಡರೆ ಕೆಲಸ ಸರಿಯಾಗಿ ನಡೆದಿದೆ ಅಂತಲೇ ಅರ್ಥ. ನೋಡಲು ಚೆನ್ನಾಗಿಲ್ಲ ಅಂತ ಎಸೆಯಬೇಡಿ, ಬೆಕ್ಕಿನ ವಾಸನೆ ಪೂರ್ತಿ ಅದರಲ್ಲೇ ಇದೆ. ಉದ್ದ ಎಳೆಗಳನ್ನು ಮಾತ್ರ ಕತ್ತರಿಸುತ್ತಾ ಬನ್ನಿ. ಒಳಗಿನ ಮರ ಕಾಣುವಷ್ಟು ಸವೆದಾಗ ಹೊಸ ಹಗ್ಗ ಸುತ್ತಿ. ಸುತ್ತುವಾಗ ನಡುವಿನ ಒಂದು ಗೇಣು ಹಳೇ ಹಗ್ಗವನ್ನು ಹಾಗೇ ಬಿಡಿ. ಬೆಕ್ಕು ಹೊಸದಕ್ಕೆ ಒಗ್ಗಿದ ಮೇಲೆ ಆ ಭಾಗವನ್ನೂ ಬದಲಿಸಿದರಾಯಿತು.